ಐದು ಲಕ್ಷದ ಲೆಕ್ಕ ಯಾರದು?

ದಾವಣಗೆರೆಯ ಓದುಗರೊಬ್ಬರು ಬರೆದಿರುವ ನಾಲ್ಕು ಪುಟಗಳ ಪತ್ರದಲ್ಲಿ ನನ್ನನ್ನು ಕೆರಳಿಸಿದ್ದು ಕೊನೆಯ ಪುಟದಲ್ಲಿ, ಅದೂ ಆವರಣ ಚಿಹ್ನೆಯೊಳಗೆ, ಸಂಕೋಚದಿಂದ ಕುಳಿತಿದ್ದ ಒಂದು ವಾಕ್ಯ. ಅದಕ್ಕೆ ಬರುವ ಮೊದಲು ಉಳಿದ ಓದುಗರಿಗಾಗಿ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ.

ಇವರಿಗೆ 29 ವರ್ಷ, ಖಾಸಗಿ ಕಂಪನಿಯಲ್ಲಿ ನೌಕರಿ. ನಿಶ್ಚಿತಾರ್ಥ ಮುಗಿದಿದೆ, ಛತ್ರಕ್ಕೆ ಮುಂಗಡ ಕೊಟ್ಟಾಗಿದೆ. ಹುಡುಗ ಮೂರು ವರ್ಷದ ಹಿಂದೆ ಅಕ್ಕನ ಮದುವೆಗೆಂದು ವೈಯಕ್ತಿಕ ಸಾಲ ಮಾಡಿದ್ದಾನೆ. ಅದರ ಬಾಕಿ ಮತ್ತು ಕ್ರೆಡಿಟ್ ಕಾರ್ಡಿನ ಬಾಕಿ ಸೇರಿ ಈಗ 9 ಲಕ್ಷ ರೂಪಾಯಿ ಇದೆ. ಇದನ್ನು ಅವನು ಮುಚ್ಚಿಟ್ಟಿಲ್ಲ. ಹೆಣ್ಣು ನೋಡಲು ಬಂದ ಎರಡನೆಯ ವಾರವೇ ಹೇಳಿದ್ದಾನೆ. ಈಗ ಎಲ್ಲ ಸಾಲವನ್ನೂ ಒಂದುಗೂಡಿಸಿ ಹೊಸ ಸಾಲ ಪಡೆಯುವುದೆಂದೂ, ಅದಕ್ಕೆ ಇವರು ಸಹ ಅರ್ಜಿದಾರರಾಗಿ ಸಹಿ ಹಾಕುವುದೆಂದೂ ಮಾತಾಗಿದೆ. ಫಾರಂ ತಂದುಕೊಟ್ಟವರು ಹುಡುಗನ ಭಾವ. ‘ಬರೀ ಒಂದು ಫಾರ್ಮಾಲಿಟಿ, ಹೇಗೂ ನಾಳೆ ಒಂದೇ ಮನೆಯವರಲ್ಲವೇ’ ಎಂದರಂತೆ. ಮದುವೆಯಾದ ಮೇಲೆ ಗಂಡನ ಹಳೆಯ ಸಾಲ ತಮ್ಮದೂ ಆಗುತ್ತದೆಯೇ, ಸಹಿ ಹಾಕಲು ಮನಸ್ಸಾಗದಿರುವುದು ಸ್ವಾರ್ಥವೇ ಎಂಬುದು ಇವರ ಪ್ರಶ್ನೆ.

ಮೊದಲ ಪ್ರಶ್ನೆಗೆ ಉತ್ತರ ಸುಲಭ: ಆಗುವುದಿಲ್ಲ. ತಾಳಿ ಕಟ್ಟಿಸಿಕೊಂಡ ಮಾತ್ರಕ್ಕೆ ಗಂಡನ ಸಾಲಕ್ಕೆ ಹೆಂಡತಿ ಹೊಣೆಯಾಗುವುದಿಲ್ಲ. ‘ಗಂಡನ ಋಣದಲ್ಲಿ ಹೆಂಡತಿಗೂ ಪಾಲಿದೆ’ ಎಂದು ನಿಮ್ಮ ತಾಯಿ ಹೇಳಿದ್ದು ಸಂಸಾರದ ಮಾತೇ ಹೊರತು ಕಾನೂನಿನ ಮಾತಲ್ಲ. ತಂದೆಯ ಸಾಲವನ್ನು ಮಗ ತೀರಿಸಲೇಬೇಕೆಂಬ ಧರ್ಮಶಾಸ್ತ್ರದ ಕಟ್ಟುಪಾಡನ್ನೇ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, ಆ ನಂತರ ಮಾಡಿದ ಸಾಲಗಳ ಮಟ್ಟಿಗೆ, ತೆಗೆದುಹಾಕಿದೆ. ನಿಮ್ಮ ಸಂಬಳ, ನಿಮ್ಮ ಉಳಿತಾಯ, ತವರಿನಿಂದ ಬಂದ ಒಡವೆ ನಿಮ್ಮವೇ. ಸ್ತ್ರೀಧನಕ್ಕೆ ಹೆಣ್ಣೊಬ್ಬಳೇ ಒಡತಿ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಆದರೆ ಮದುವೆ ಮಾಡದ ಕೆಲಸವನ್ನು ಸಹಿ ಮಾಡುತ್ತದೆ. ಸಹ ಅರ್ಜಿದಾರರೆಂದು ಸಹಿ ಹಾಕಿದ ಕ್ಷಣದಿಂದ ನೀವೂ ಸಾಲಗಾರರೇ, ಅದೂ ಅರ್ಧ ಮೊತ್ತಕ್ಕಲ್ಲ, ಪೂರ್ತಿ ಮೊತ್ತಕ್ಕೆ. ಒಟ್ಟಾಗಿ ಮಾತು ಕೊಟ್ಟವರಲ್ಲಿ ಯಾರೊಬ್ಬರಿಂದ ಬೇಕಾದರೂ ಇಡೀ ಬಾಕಿಯನ್ನು ವಸೂಲು ಮಾಡುವ ಹಕ್ಕನ್ನು 1872ರ ಭಾರತೀಯ ಕರಾರು ಕಾಯ್ದೆ ಸಾಲ ಕೊಟ್ಟವರಿಗೆ ನೀಡಿದೆ. ಜಾಮೀನುದಾರರ ಸ್ಥಿತಿಯೂ ಇದಕ್ಕಿಂತ ಮೇಲೇನಲ್ಲ. ನಾಳೆ ಏನೋ ಆಗಿ ಮದುವೆ ಮುರಿದುಬಿದ್ದರೂ ವಿಚ್ಛೇದನದ ಆದೇಶವನ್ನು ತೋರಿಸಿ ಬ್ಯಾಂಕಿನಿಂದ ಬಿಡಿಸಿಕೊಳ್ಳಲಾಗದು. ಕಂತು ತಪ್ಪಿದರೆ ಕಪ್ಪುಚುಕ್ಕೆ ನಿಮ್ಮ ಸಾಲ ಇತಿಹಾಸದಲ್ಲೂ ಬೀಳುತ್ತದೆ. ಫಾರಂ ಜೊತೆಗೆ ಮೂರು ತಿಂಗಳ ಸಂಬಳ ಚೀಟಿಯನ್ನು ಕೇಳಿದ್ದಾರೆಂದು ನೀವೇ ಬರೆದಿದ್ದೀರಿ. ಬರೀ ಫಾರ್ಮಾಲಿಟಿಗೆ ಯಾವ ಬ್ಯಾಂಕೂ ಸಂಬಳ ಚೀಟಿ ಕೇಳುವುದಿಲ್ಲ.

ಈಗ ಆ ವಾಕ್ಯಕ್ಕೆ ಬರೋಣ. ‘ಫಾರಂನಲ್ಲಿ 14 ಲಕ್ಷ ಎಂದಿದೆ, ಕೈಯಲ್ಲಿ ಸ್ವಲ್ಪ ಇರಲಿ ಅಂತ ಭಾವ ಹೇಳಿದರು’ ಎಂದು ಬರೆದು, ಮರುಸಾಲಿನಲ್ಲೇ ಆರತಕ್ಷತೆಯ ಸೀರೆಯ ಬಣ್ಣದ ವಿಚಾರಕ್ಕೆ ಹೊರಟುಹೋಗಿದ್ದೀರಿ. ಬಾಕಿ ಇರುವುದು ಒಂಬತ್ತು, ಎತ್ತುತ್ತಿರುವುದು ಹದಿನಾಲ್ಕು. ನಡುವಿನ ಐದು ಲಕ್ಷ ಯಾರ ಕೈಯಲ್ಲಿರಲಿ ಎಂದು ನೀವು ಕೇಳಲಿಲ್ಲವೇ? ಇದು ಹಳೆಯ ಸಾಲದ ಪ್ರಶ್ನೆಯೇ ಅಲ್ಲ. ಹಳೆಯ ಸಾಲದ ನೆಪದಲ್ಲಿ ನಿಮ್ಮ ಸಂಬಳವನ್ನು ತೋರಿಸಿ ಎತ್ತುತ್ತಿರುವ ಹೊಸ ಸಾಲ.

ನೀವು ಕಳುಹಿಸಿದ ಫೋಟೊದಲ್ಲಿ ಬಡ್ಡಿ ಶೇ 14, ಅವಧಿ ಏಳು ವರ್ಷ ಎಂದಿದೆ. ಲೆಕ್ಕ ಹಾಕಿ ನೋಡಿದೆ. ಇದೇ ಬಡ್ಡಿಗೆ 9 ಲಕ್ಷವನ್ನು ಐದು ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 20,900 ರೂಪಾಯಿ, ಒಟ್ಟು ಬಡ್ಡಿ ಮೂರೂವರೆ ಲಕ್ಷದಷ್ಟು. 14 ಲಕ್ಷವನ್ನು ಏಳು ವರ್ಷ ಎಳೆದರೆ ಕಂತು ಸುಮಾರು 26,200, ಬಡ್ಡಿಯೇ ಎಂಟು ಲಕ್ಷ. ಕಂತಿನಲ್ಲಿ ಐದು ಸಾವಿರ ಚಿಲ್ಲರೆ ವ್ಯತ್ಯಾಸವಷ್ಟೇ ಎಂದು ಭಾವನವರು ಹೇಳುತ್ತಾರೆ, ಹೇಳಲಿ.

ಈ ಭಾವನವರ ಬಗ್ಗೆ ನನಗೆ ಲವಲೇಶವೂ ಸಹನೆಯಿಲ್ಲ. ಯಾವ ಮದುವೆಗೆಂದು ಆ ಸಾಲ ಹುಟ್ಟಿತೋ ಆ ಮದುವೆಯ ವರ ಇವರೇ. ಹೆಂಡತಿಯ ತಮ್ಮ ಸಾಲ ಮಾಡಿ ಹಾಕಿಸಿದ ಚಪ್ಪರದಡಿ ಹಸೆಮಣೆ ಏರಿದವರು, ಮೂರು ವರ್ಷದಲ್ಲಿ ಒಂದು ಕಂತನ್ನಾದರೂ ಕಟ್ಟಿದ ಸುದ್ದಿ ನಿಮ್ಮ ಪತ್ರದಲ್ಲಿಲ್ಲ. ಈಗ ಆ ಮನೆಗೆ ಇನ್ನೂ ಕಾಲಿಡದ ಹುಡುಗಿಯ ಮುಂದೆ ಫಾರಂ ಹಿಡಿದಿದ್ದಾರೆ. ವರನ ಕಡೆಯವರು ಮದುವೆಯ ಸಂಬಂಧವಾಗಿ ನೇರವಾಗಿಯೋ ಪರೋಕ್ಷವಾಗಿಯೋ ಹಣ ಕೇಳುವುದನ್ನು 1961ರ ವರದಕ್ಷಿಣೆ ನಿಷೇಧ ಕಾಯ್ದೆ ಅಪರಾಧವೆನ್ನುತ್ತದೆ. ಈ ಫಾರಂ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ವಕೀಲರು ಹೇಳಬೇಕು, ಆದರೆ ವಾಸನೆ ಅದೇ. ಅಕ್ಕನ ಮದುವೆಯ ಸಾಲ ತೀರುವ ಮುನ್ನ ತಮ್ಮನ ಮದುವೆಗೆ ಸಾಲ ಮಾಡಬಾರದೆಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ನಮ್ಮವರಿಗೆ ವರಪೂಜೆ, ಧಾರೆ, ಆರತಕ್ಷತೆ ಎಂದು ಎರಡು ದಿನದ ಗದ್ದಲವೇ ಬೇಕು. ಆರತಕ್ಷತೆಯನ್ನು ಕೈಬಿಟ್ಟರೆ ಯಾರ ಮಾನವೂ ಹೋಗದು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಾಲವನ್ನು ಮೊದಲೇ ಹೇಳಿದವನು, ಒಂದು ಕಂತನ್ನೂ ತಪ್ಪಿಸದವನು. ಆದರೆ ಭಾವನ ಎದುರು ಬಾಯಿ ಬಿಡಲಾರ. ಅವನಿಗೆ ನೆರವಾಗುವ ಆಸೆ ನಿಮಗಿದ್ದರೆ ಅದಕ್ಕೆ ಸಹಿಯೇ ಬೇಕಿಲ್ಲ. ಮದುವೆಯ ನಂತರ ಬಾಡಿಗೆ, ದಿನಸಿ, ಕರೆಂಟು ಬಿಲ್ಲನ್ನು ನಿಮ್ಮ ಸಂಬಳದಲ್ಲಿ ನೋಡಿಕೊಳ್ಳಿ, ಅವನ ಸಂಬಳ ಪೂರ್ತಿ ಹಳೆಯ ಸಾಲಕ್ಕೆ ಹೋಗಲಿ. ಮೊದಲು ತೀರಬೇಕಾದದ್ದು ಬಡ್ಡಿ ವಿಪರೀತವಾಗಿರುವ ಕ್ರೆಡಿಟ್ ಕಾರ್ಡಿನ ಬಾಕಿ. ಇಷ್ಟು ಮಾಡಲು ಸಿದ್ಧರಿರುವವರನ್ನು ಸ್ವಾರ್ಥಿ ಎನ್ನುವವರು ಯಾರೆಂದು ನನಗೂ ನೋಡಬೇಕಿದೆ.

ನೀವು ಮಾಡಬೇಕಾದದ್ದು ಒಂದೇ: ಸಹಿ ಹಾಕದ ಫಾರಂ ಅನ್ನು ಭಾವನಿಗಲ್ಲ, ಹುಡುಗನ ಕೈಗೇ, ಈ ವಾರವೇ ಹಿಂದಿರುಗಿಸಿ, ‘ನಿಮ್ಮ ಸಾಲ ತೀರಿಸಲು ಜೊತೆಗಿರುತ್ತೇನೆ, ಆ ಐದು ಲಕ್ಷ ಬೇಕಾದವರು ತಮ್ಮ ಹೆಸರಿನಲ್ಲೇ ಅರ್ಜಿ ಹಾಕಲಿ’ ಎಂದು ಹೇಳಿ. ಪ್ಯಾನ್ ಮತ್ತು ಆಧಾರ್ ಪ್ರತಿಗಳನ್ನು ಆಗಲೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದೀರಿ ಎಂದು ಓದಿ ತಲೆ ಚಚ್ಚಿಕೊಂಡೆ. ಸಾಲ ಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅಂಥದ್ದೊಂದು ಕಂಪನಿಯಾದ ಸಿಬಿಲ್‌ನ ವರದಿಯನ್ನು ಇವತ್ತೇ ತೆಗೆಸಿ, ನಿಮ್ಮ ಹೆಸರಿನಲ್ಲಿ ನಿಮಗೆ ಗೊತ್ತಿಲ್ಲದ ವಿಚಾರಣೆಯೇನಾದರೂ, ಅಂದರೆ ಸಾಲದ ಅರ್ಜಿಗಾಗಿ ಬ್ಯಾಂಕೊಂದು ನಿಮ್ಮ ವರದಿಯನ್ನು ತರಿಸಿ ನೋಡಿದ ದಾಖಲೆ, ನಮೂದಾಗಿದ್ದರೆ ಆ ಬ್ಯಾಂಕಿಗೆ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಿ, ಅದರ ಒಂದು ಪ್ರತಿಯನ್ನು ಹುಡುಗನಿಗೂ ಕೊಡಿ.