ಭಾವನೆಗಳ ಬಗ್ಗೆ ಸಂಶೋಧನೆ ಮಾಡಿದರೆ ಮುಂದೆ ಭವಿಷ್ಯ ಇದೆಯಾ?

ಭಾವನೆಗಳ ಬಗ್ಗೆ ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡಬೇಕೆಂದಾಗ ನಿಮ್ಮ ಗೈಡ್ 'ಭಾವನೆ ಅಂದ್ರೆ ಮನಶ್ಶಾಸ್ತ್ರ, ಸಮಾಜಶಾಸ್ತ್ರದಲ್ಲಿ ಅದಕ್ಕೇನು ಕೆಲಸ' ಅಂದರು ಎಂದು ಬರೆದಿದ್ದೀರಿ. ಅವರ ಮಾತು ನನಗೆ ಒಪ್ಪಿಗೆಯಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರನ್ನೇ ನೋಡಿ. ತಂದೆ ರಾಜತಾಂತ್ರಿಕ ಸೇವೆಯಲ್ಲಿದ್ದರು. ಆರ್ಲಿ ಹನ್ನೆರಡರ ವಯಸ್ಸಿನಲ್ಲಿ ಮನೆಗೆ ಬಂದ ಅತಿಥಿಗಳಿಗೆ ಕಡಲೆಬೀಜದ ತಟ್ಟೆ ಹಿಡಿದು ಓಡಾಡುತ್ತಾ, ಕೆಳಗಿನಿಂದ ಅವರ ನಗು ನೋಡುತ್ತಿದ್ದರಂತೆ. ಯಾವುದು ನಿಜವಾದ ನಗು, ಯಾವುದು ಕೆಲಸದ ನಗು? ಆ ಕುತೂಹಲವೇ ಮುಂದೆ ಅವರ ವೃತ್ತಿಯಾಯಿತು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು. 1983ರ ತಮ್ಮ ಪುಸ್ತಕಕ್ಕಾಗಿ ಗಗನಸಖಿಯರ ತರಬೇತಿ ತರಗತಿಯಲ್ಲೇ ಹೋಗಿ ಕೂತರು. ಜೊತೆಗೆ ಸಾಲ ವಸೂಲಿ ಮಾಡುವವರನ್ನೂ ಮಾತಾಡಿಸಿದರು. ಒಬ್ಬರಿಗೆ ನಗೋದು ಕೆಲಸ, ಇನ್ನೊಬ್ಬರಿಗೆ ಗದರೋದು. ಎಂಥ ಜೋಡಿ ಅಲ್ವಾ! ಸಂಬಳಕ್ಕಾಗಿ ಭಾವನೆಯನ್ನು ಹದಮಾಡುವ ಈ ದುಡಿಮೆಗೆ 'ಭಾವನಾತ್ಮಕ ಶ್ರಮ' ಎಂಬ ಹೆಸರು ಬಂದಿದ್ದು ಅವರಿಂದಲೇ. ಆಮೇಲೆ ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ, ತಮ್ಮ ರಾಜಕೀಯ ಒಪ್ಪದ ಜನರ ನಡುವೆ, ಸುಮಾರು ಐದು ವರ್ಷ ಹೋಗಿಬಂದು ಕೆಲಸ ಮಾಡಿದರು.

ಇನ್ನು 'ಸಂದರ್ಶನದಲ್ಲಿ ನನಗೇ ಅಳು ಬಂತು, ಟಿಪ್ಪಣಿಯಲ್ಲಿ ಬರೆಯಲಾ' ಎಂಬ ಪ್ರಶ್ನೆ. ಖಂಡಿತ ಬರೆಯಿರಿ, ಆದರೆ ಅಂಚಿನಲ್ಲಿ ಬೇರೆಯಾಗಿ. ಎದುರಿಗಿದ್ದವರು ಏನು ಹೇಳುವಾಗ ಅಳು ಬಂತು, ನೀವು ತಡೆದುಕೊಂಡಿರಾ, ತಡೆದಿದ್ದು ಯಾಕೆ? ಈ ಕೊನೆಯದ್ದರಲ್ಲೇ ಜಾಸ್ತಿ ಸರಕಿದೆ. ಎಲ್ಲಿ ಅಳಬಾರದು ಅಂತ ನಿಮಗೆ ಯಾರೋ ಕಲಿಸಿದ್ದಾರೆ, ಅದೇ ಸಮಾಜಶಾಸ್ತ್ರ. ಅದೇ ರಾತ್ರಿ ಬರೆದುಬಿಡಿ, ಬೆಳಗಾದರೆ ಮನಸ್ಸು ಅದನ್ನು ನೀಟಾಗಿ ಮಡಚಿಟ್ಟಿರುತ್ತದೆ.

ಕೆಲಸ ಸಿಗುತ್ತಾ ಅಂತ ಕೇಳಿದಿರಿ. 'ಭಾವನೆ' ಅಂತ ಸುಮ್ನೆ ಅರ್ಜಿ ಹಾಕಬೇಡಿ. ದುಡಿಮೆ, ಆರೋಗ್ಯ, ಕುಟುಂಬ, ಯಾವುದಾದರೂ ಒಂದಕ್ಕೆ ಗಂಟು ಹಾಕಿ.