ಕಪ್ಪನ್ನು ಕಪ್ಪಾಗೇ ಬಿಡಿ

ಪ್ರಶ್ನೆ: ರಾತ್ರಿ ಬಣ್ಣದ ದೀಪ ಹಾಕಿದ ಕಾರಂಜಿಯ ಅಬ್‌ಸ್ಟ್ರಾಕ್ಟ್ ಫೋಟೊ ತೆಗೆಯುತ್ತೇನೆ. ಕಣ್ಣಿಗೆ ಕಾಣುವ ಕೆಂಪು, ನೀಲಿ ಫೋಟೊದಲ್ಲಿ ಬರೀ ಬಿಳಿ. ಚೌಕಟ್ಟೂ ಗಜಿಬಿಜಿ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ. ಅಪರ್ಚರ್, ಐಎಸ್‌ಒ ಅಂದರೇನು ಅಂತ ಮಾತ್ರ ಕೇಳಬೇಡಿ.

ನೀವು ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರನ್ನು ನಂಬಿದ್ದೀರಿ. ಮೀಟರಿಗೆ ಎಲ್ಲವನ್ನೂ ಬೂದು ಮಾಡುವ ಹಠ. ನಿಮ್ಮ ಚೌಕಟ್ಟಿನಲ್ಲಿ ಮುಕ್ಕಾಲು ಪಾಲು ಕತ್ತಲೆ. ಆ ಕತ್ತಲೆಯನ್ನು ಬೂದು ಮಾಡಲು ಹೋಗಿ ಅದು ನೀರನ್ನು ಬರ್ನ್ ಮಾಡುತ್ತದೆ, ಅಂದರೆ ಬರೀ ಬಿಳಿ ಮಾಡಿಬಿಡುತ್ತದೆ. ಫೋಟೊದ ಬೆಳಕನ್ನು ಏರಿಸುವ, ಇಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 1.5ರಿಂದ ಶುರು ಮಾಡಿ. ಸಾಲದಿದ್ದರೆ ಮೈನಸ್ 2. ಹಿನ್ನೆಲೆ ಪೂರ್ತಿ ಕಪ್ಪಾಯಿತು ಅಂತ ಗಾಬರಿ ಬೇಡ. ನಮಗೆ ಬೇಕಾಗಿರುವುದೇ ಅದು, ಅಲ್ವಾ?

ಇನ್ನು ಹಿಸ್ಟೋಗ್ರಾಂ, ಅಂದರೆ ಫೋಟೊದ ಕತ್ತಲೆಯನ್ನು ಎಡಕ್ಕೆ, ಬೆಳಕನ್ನು ಬಲಕ್ಕೆ ತೋರಿಸುವ ನಕ್ಷೆ. ಕ್ಯಾಮೆರಾ ಬಣ್ಣವನ್ನು ಕೆಂಪು, ಹಸಿರು, ನೀಲಿ ಅಂತ ಮೂರು ಚಾನೆಲ್‌ಗಳಲ್ಲಿ ಹಿಡಿಯುತ್ತದೆ, ನೀಲಿ ದೀಪದ ಬೆಳಕು ಹೆಚ್ಚುಕಡಿಮೆ ನೀಲಿ ಚಾನೆಲ್‌ಗೇ ಬೀಳುತ್ತದೆ. ಅದು ತುಂಬಿ ಚೆಲ್ಲುತ್ತಿದ್ದರೂ ಒಟ್ಟು ಹಿಸ್ಟೋಗ್ರಾಂ ಏನೂ ಗೊತ್ತಿಲ್ಲದವರ ಹಾಗೆ ತೆಪ್ಪಗೆ ಕೂತಿರುತ್ತದೆ. ಬೆಳಕು ಇನ್ನೂ ಜಾಸ್ತಿಯಾದರೆ ಉಳಿದ ಎರಡು ಚಾನೆಲ್‌ಗಳೂ ಮೇಲೇರುತ್ತವೆ. ಮೂರೂ ತುಂಬಿದರೆ ಬಿಳಿ! ಹಾಗಾಗಿ ಮೂರು ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ನೋಡಿ. ಯಾವುದೂ ಬಲಗಡೆಯ ಗೋಡೆಗೆ ಒರಗಬಾರದು. ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೊದ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಕ್ಯಾಮೆರಾ ಬಣ್ಣವನ್ನೇ ತೊಳೆಯಲು ನೋಡುತ್ತದೆ. ಡೇಲೈಟ್‌ಗೆ ಇಟ್ಟು ಮರೆತುಬಿಡಿ.

ಶಟರ್ ತೆರೆದಿರುವ ಹೊತ್ತು 1/1000 ಸೆಕೆಂಡ್ ಆದರೆ ಹನಿಗಳು ಮಣಿಯ ಹಾಗೆ ನಿಲ್ಲುತ್ತವೆ. 1 ಸೆಕೆಂಡ್ ಆದರೆ ಬರೀ ಹೊಗೆ, ನನಗಂತೂ ಬೇಸರ. ನನಗೆ ಇಷ್ಟ 1/15, ನೀರು ದಾರವಾಗುತ್ತದೆ. ಒಮ್ಮೆ 1/10ರಲ್ಲಿ ತೆಗೆದಾಗ ಹನಿ ಎಳೆದ ಗೆರೆ ಹೊಲಿಗೆ ಹಾಕಿದ ಹಾಗೆ ತುಂಡು ತುಂಡಾಗಿತ್ತು. ಲೆನ್ಸ್ ಕೆಟ್ಟಿತು ಅಂದುಕೊಂಡೆ. ಎಣಿಸಿದರೆ ಹತ್ತು ತುಂಡು. 50 ಹರ್ಟ್ಸ್ ಕರೆಂಟಿನಲ್ಲಿ ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಹನಿಗೆ ಗೊತ್ತಾಗುತ್ತದೆ. ಆ ಫೋಟೊ ಈಗಲೂ ಇಟ್ಟುಕೊಂಡಿದ್ದೇನೆ.

ಗಜಿಬಿಜಿಗೆ ಕಾರಣ ಆಸೆ. ಇಡೀ ಕಾರಂಜಿ ಬೇಕು ಅಂತ ಕಟ್ಟೆ, ಪೈಪು, ದೀಪ ಎಲ್ಲ ಒಳಗೆ ತರುತ್ತೀರಿ. ದೀಪ ಒಳಗೆ ಬಂದರೆ ಕಣ್ಣು ಅಲ್ಲಿಗೇ ಓಡುತ್ತದೆ. ಜೂಮ್ ಮಾಡಿ, ನೀರು ಬಾಗುವ ಒಂದೇ ಒಂದು ತಿರುವು ಹಿಡಿಯಿರಿ. ಬೆಳಕು ನೀರಿನ ಹಿಂದೆ ಅಥವಾ ಪಕ್ಕದಲ್ಲಿರಲಿ, ಆಗ ಅಂಚು ಹೊಳೆಯುತ್ತದೆ. ಕ್ಲಿಕ್ ಮಾಡುವ ಮೊದಲು ನಾಲ್ಕೂ ಮೂಲೆ ನೋಡಿ. ಮೂಲೆಯಲ್ಲಿ ಅರ್ಧ ಕತ್ತರಿಸಿದ ಒಂದು ಹೊಳೆಯುವ ಹನಿ ಸಾಕು, ಫೋಟೊ ಹಾಳು.

ಪ್ರಶ್ನೆ: ನೀರಿನ ಮೇಲಿನ ಪ್ರತಿಬಿಂಬಕ್ಕೆ ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಲೇಬೇಕಂತೆ, ಹೌದಾ?

ಉತ್ತರ: ಪ್ರತಿಬಿಂಬ ಅಳಿಸುವುದೇ ಅದರ ಕೆಲಸ. ಕಳಚಿಡಿ.

ಪ್ರಶ್ನೆ: ಬಿಳಿಯಾದ ನೀರಿಗೆ ಬಣ್ಣ ತರುವ ಪ್ರಿಸೆಟ್ (ಫೋಟೊ ತಿದ್ದುವ ಸಿದ್ಧ ಸೆಟ್ಟಿಂಗ್) ಮಾರುತ್ತಿದ್ದಾರೆ. ಕೊಳ್ಳಲಾ?

ಉತ್ತರ: ಸೆನ್ಸರ್ ದಾಖಲಿಸದ ಬಣ್ಣವನ್ನು ಪ್ರಿಸೆಟ್ ಎಲ್ಲಿಂದ ತರುತ್ತದೆ? ಸುಮ್ನೆ ದುಡ್ಡು ದಂಡ.

ಪ್ರಶ್ನೆ: ಮನೆಯಲ್ಲೇ ನೀರಿನ ಟಬ್ ಪಕ್ಕ ಟೇಬಲ್ ಲ್ಯಾಂಪ್ ಇಟ್ಟು ತೆಗೆಯಬಹುದಾ?

ಉತ್ತರ: ಬೇಡ. ಬ್ಯಾಟರಿ ಟಾರ್ಚ್ ಇಟ್ಟುಕೊಳ್ಳಿ.