ಹತ್ತು ಸಾಧನ ಬೇಡ, ಮೊದಲು ಫೋನು ಯಾರ ಕೈಯಲ್ಲಿರುತ್ತದೆ ಎಂದು ಕೇಳಿ

ಹೊಳಲ್ಕೆರೆ ಕಡೆಯ ಪ್ರೌಢಶಾಲೆಗೆ ಅತಿಥಿ ಶಿಕ್ಷಕರಾಗಿ ಸೇರಿರುವ ನೀವು, ಪಾಠಕ್ಕೂ ಕಿರುಪರೀಕ್ಷೆಗೂ ಸಮಯ ಉಳಿಸಿಕೊಳ್ಳುವುದಕ್ಕೂ ಆಗುವ ಹತ್ತು ಉಚಿತ ಆನ್‌ಲೈನ್ ಸಾಧನಗಳನ್ನು ಕೇಳಿದ್ದೀರಿ. 2021ರಲ್ಲಿ ನನ್ನ ಬಳಿ ಹದಿನಾಲ್ಕರ ಪಟ್ಟಿಯಿತ್ತು.

ಆಗ ನಾನು ಜಗಳೂರು ತಾಲ್ಲೂಕಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಕೊರೊನಾದ ಎರಡನೇ ಅಲೆಯಿಂದಾಗಿ ಆ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಜುಲೈ 19 ಮತ್ತು 22ರ ಎರಡೇ ದಿನಗಳಿಗೆ ಇಳಿಸಿ, ಬಹು ಆಯ್ಕೆ ಪ್ರಶ್ನೆಗಳಿಗೆ ಓಎಂಆರ್ ಹಾಳೆಯಲ್ಲಿ, ಅಂದರೆ ಸರಿಯುತ್ತರದ ಸೊನ್ನೆಯನ್ನು ತುಂಬುವ ಹಾಳೆಯಲ್ಲಿ, ಉತ್ತರಿಸುವ ಕ್ರಮ ತಂದಿದ್ದರು. ಅದಕ್ಕೆ, ಪ್ರಶ್ನೆಪತ್ರಿಕೆ ಮಾಡಿ ಲಿಂಕ್ ಕಳಿಸಬಹುದಾದ ಗೂಗಲ್ ಫಾರ್ಮ್ಸ್ ಹೇಳಿ ಮಾಡಿಸಿದಂತಿತ್ತು: ಅಂಕವನ್ನು ತಾನೇ ಎಣಿಸುತ್ತದೆ, ಉತ್ತರಗಳನ್ನು ವೇಳೆಯ ಸಮೇತ ಶೀಟ್ ಎಂಬ ಕೋಷ್ಟಕದಲ್ಲಿ ಸಾಲಾಗಿ ಇಡುತ್ತದೆ. ದಿನಕ್ಕೊಂದು ಪ್ರಶ್ನೆಪತ್ರಿಕೆಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕತೊಡಗಿದೆ.

ನಾಲ್ಕೈದು ಹುಡುಗರು ಅಂಕ ನೋಡಿಕೊಂಡು ಮತ್ತೆ ಮತ್ತೆ ತುಂಬಿ, ನಲವತ್ತಕ್ಕೆ ನಲವತ್ತು ತೆಗೆಯತೊಡಗಿದರು. ಅದನ್ನು ತಡೆಯಲು ಸೆಟ್ಟಿಂಗ್ಸ್‌ಗೆ ಹೋಗಿ 'ಲಿಮಿಟ್ ಟು ಒನ್ ರೆಸ್ಪಾನ್ಸ್' ಎಂಬುದನ್ನು ಆನ್ ಮಾಡಿದೆ. ನಾನು ಕೆಟ್ಟದ್ದು ಇಲ್ಲಿಯೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿಗೆ ಒಂದು ಉತ್ತರ ಎಂದು ನಾನು ತಿಳಿದೆ. ಫಾರ್ಮ್‌ಗೆ ವಿದ್ಯಾರ್ಥಿ ಯಾರೆಂದೇ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಲಾಗಿನ್ ಆಗಿರುವ ಗೂಗಲ್ ಖಾತೆ ಮಾತ್ರ. ಒಂದು ಖಾತೆಗೆ ಒಂದು ಉತ್ತರ. ನಮ್ಮೂರಿನ ಲೆಕ್ಕದಲ್ಲಿ ಖಾತೆಯೆಂದರೆ ಮನೆಯ ಒಂದೇ ಫೋನು, ಅದೂ ಅಪ್ಪನದು. ಮೆಕ್ಕೆಜೋಳ ಬಿತ್ತುವ ದಿನಗಳವು; ಟ್ರ್ಯಾಕ್ಟರಿನವನು ಯಾವಾಗ ಕರೆಯುತ್ತಾನೋ ಎಂದು ಫೋನು ಹಗಲೆಲ್ಲ ಹೊಲದಲ್ಲೇ ಇರುತ್ತಿತ್ತು. ಅಂಥ ಒಂದು ಮನೆಯಲ್ಲಿ, ರಾತ್ರಿ ಎಂಟರ ನಂತರ ಫೋನು ಬಂದಾಗ ಮೊದಲು ನನ್ನ ವಿದ್ಯಾರ್ಥಿನಿಯೊಬ್ಬಳ ಚಿಕ್ಕಪ್ಪನ ಮಗ ಪತ್ರಿಕೆ ತುಂಬುತ್ತಿದ್ದ. ಅದೇ ತರಗತಿಯ ಆ ಹುಡುಗಿ ತೆರೆದರೆ, ನೀವು ಈಗಾಗಲೇ ಉತ್ತರಿಸಿದ್ದೀರಿ ಎಂಬ ಸಾಲು.

ನನ್ನ ಶೀಟ್‌ನಲ್ಲಿ ಅವಳ ಹೆಸರಿನ ಸಾಲೇ ಇರಲಿಲ್ಲ. ಕಾರಣ ಕೇಳಬಹುದಿತ್ತು, ಒಂದು ಕರೆಯ ಕೆಲಸ. ಕೇಳದೆ, ಉತ್ತರಿಸದ ಹನ್ನೊಂದು ಜನರ ಹೆಸರನ್ನು ಗುಂಪಿನಲ್ಲಿ ಹಾಕಿ, ಆಸಕ್ತಿ ಇಲ್ಲದವರಿಗಾಗಿ ನಾನು ನಿದ್ದೆಗೆಡುವುದಿಲ್ಲ ಎಂದು ಬರೆದೆ. ಅದನ್ನು ಓದಿದವರು ಅವಳ ಅಪ್ಪ.

ಪ್ರವೇಶಪತ್ರ ಪಡೆಯಲು ಬಂದ ದಿನ ಅವಳು ಇನ್ನೂರು ಪುಟದ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು. ತಮ್ಮ ತುಂಬುವಾಗ ಪಕ್ಕದಲ್ಲಿ ಕೂತು ಬರೆದುಕೊಂಡ ಏಳು ಪತ್ರಿಕೆಗಳು ಅದರಲ್ಲಿದ್ದವು. ಪ್ರತಿ ಪ್ರಶ್ನೆಯ ಮುಂದೆ ಪೆನ್ಸಿಲ್ಲಿನಿಂದ ತುಂಬಿದ ಒಂದು ಸೊನ್ನೆ. ನಾನು ಕ್ಷಮೆ ಕೇಳಿದೆ, ಗುಂಪಿನಲ್ಲೂ ಬರೆದೆ. ಅವಳು ಪಾಸಾದಳು, ಆದರೆ ಮೊದಲು ದಿನಕ್ಕೆರಡು ಸಲ ಸಂದೇಹ ಕೇಳುತ್ತಿದ್ದವಳು, ಟಿ.ಸಿ. ಒಯ್ಯುವವರೆಗೂ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಆದ್ದರಿಂದ ಹತ್ತು ಸಾಧನ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಹತ್ತು ಪಾಸ್‌ವರ್ಡ್ ನೆನಪಿಡುವುದರಲ್ಲಿ ಯಾರ ಸಮಯವೂ ಉಳಿಯುವುದಿಲ್ಲ, ನಮಗೆ ಉಚಿತವಾದದ್ದಕ್ಕೆ ಮಕ್ಕಳ ಮನೆಯವರು ಡೇಟಾ ಹಾಕಿಸಬೇಕು. ಮೊದಲ ವಾರ ಹಾಜರಿ ಪುಸ್ತಕದ ಹಿಂದೆ, ಯಾರ ಮನೆಯ ಫೋನು ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತದೆ ಎಂದು ಬರೆದುಕೊಳ್ಳಿ. ತರಗತಿಗೆ ಗಣಿತದ ಆಕೃತಿ, ನಕ್ಷೆ ಬಿಡಿಸುವ ಜಿಯೋಜೀಬ್ರಾ ಮತ್ತು ಪರದೆಯ ಮೇಲೆ ವಿಜ್ಞಾನ, ಗಣಿತದ ಪ್ರಯೋಗ ಮಾಡಿಸುವ ಫೆಟ್ ಸಾಕು. ಫೆಟ್ ಪ್ರಯೋಗಗಳು ಕನ್ನಡದಲ್ಲೂ ಇವೆ, ಮನೆಯಲ್ಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕೊಠಡಿಯಲ್ಲೂ ಲ್ಯಾಪ್‌ಟಾಪಿನಲ್ಲಿ ನಡೆಯುತ್ತವೆ. ಕಿರುಪರೀಕ್ಷೆಗೆ ಫಾರ್ಮ್ಸ್ ಬಳಸಿ, ಆದರೆ ಆ ಒಂದು ಸೆಟ್ಟಿಂಗ್ ಆಫ್ ಇರಲಿ. ಮೊದಲ ಪ್ರಶ್ನೆಯಾಗಿ ಕ್ರಮಸಂಖ್ಯೆ ಕೇಳಿ, ಒಂದೇ ಸಂಖ್ಯೆ ಎರಡು ಸಲ ಬಂದರೆ ವೇಳೆ ನೋಡಿ ಮೊದಲನೆಯದನ್ನು ಇಟ್ಟುಕೊಳ್ಳಿ. ಸಂಖ್ಯೆ ಬಾರದವರ ಮನೆಗೆ ರಾತ್ರಿ ಎಂಟರ ಮೇಲೆ ಕರೆ ಮಾಡಿ.